ಗಂಟಿನ ಮಾತು

ಹೆಣ್ಣುಮಕ್ಕಳಿಗೆ ಗಂಟು ಹೊಸದೇನಲ್ಲ. ಮದುವೆಯ ಬ್ರಹ್ಮಗಂಟಿನಿಂದ ಹಿಡಿದು ಸೆರಗಿನ ತುದಿಯಲ್ಲಿ ಕಟ್ಟಿಟ್ಟ ಚಿಲ್ಲರೆಯ ಗಂಟಿನವರೆಗೆ ಬಾಳೆಲ್ಲ ಗಂಟುಗಳೇ. ಆದರೆ ಕಸೂತಿಗೆ ಕೂತರೆ ಮಾತ್ರ ನಮ್ಮ ಧಾರವಾಡದ ಕಡೆಯ ಅಜ್ಜಿಯರಿಗೆ ಗಂಟು ಕಂಡರಾಗದು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹೊಲಿಯಬೇಕು. ದಾರದ ತುದಿಗೆ ಗಂಟು ಹಾಕದೆ ಅದನ್ನು ಹೊಲಿಗೆಯೊಳಗೇ ಅಡಗಿಸಬೇಕು. ಗವಂತಿ, ಮುರಗಿ ಎರಡೂ ಬದಿಗೆ ಒಂದೇ ತೆರನಾಗಿ ಕಾಣಬೇಕಲ್ಲ! ನಮ್ಮಜ್ಜಿ ಚಂದ್ರಕಾಳಿ ಸೀರೆಯ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಸೆರಗು ಮಗುಚಿ, "ಹಿಂದ ಹ್ಯಾಂಗದ ತೋರಸವಾ" ಎನ್ನುತ್ತಿದ್ದರು. ತಮಾಷೆಯೆಂದರೆ, ಗವಂತಿ ಎಂಬ ಹೆಸರು ಬಂದದ್ದೇ 'ಗಂಟಿ'ನಿಂದ ಎನ್ನುತ್ತಾರೆ.

ಗಂಟೇ ಅಲಂಕಾರವಾಗಬಹುದೆಂದು ನನಗೆ ತಿಳಿದದ್ದು ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ. ಫ್ರೆಂಚ್ ನಾಟ್‌ಗೆ ಸೂಜಿಯ ಮೇಲೆ ದಾರವನ್ನು ಒಂದೆರಡು ಸುತ್ತು ಸುತ್ತಿ, ಹೊರಬಂದ ತೂತಿನ ಪಕ್ಕದಲ್ಲೇ, ಒಂದೆಳೆ ಬಿಟ್ಟು, ಸೂಜಿ ಇಳಿಸಬೇಕು. ಅದೇ ತೂತಿಗೆ ಇಳಿಸಿದಿರೋ, ಗಂಟು ಬಟ್ಟೆಯ ಹಿಂದಕ್ಕೆ ನುಸುಳಿ ಮಾಯ! ಬುಲಿಯನ್ ನಾಟ್‌ಗೆ ಆರೇಳು ಸುತ್ತು. ಸುತ್ತನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಸೂಜಿ ಎಳೆಯಬೇಕು. ಗುಲಾಬಿಯ ಎಸಳುಗಳೆಲ್ಲ ಇದರವೇ.

ಹೆಸರು ಫ್ರೆಂಚಾದರೂ ಗಂಟು ಫ್ರಾನ್ಸಿನ ಸ್ವತ್ತೇನಲ್ಲ. ಚೀನಾದವರು ರೇಷ್ಮೆಯ ಮೇಲೆ ಇಂಥವನ್ನೇ ಒತ್ತೊತ್ತಾಗಿ ಹಾಕಿ ಹೂವು ತುಂಬುತ್ತಿದ್ದರು. ಅವರ ಭಾಷೆಯಲ್ಲಿ ಅದು ಬೀಜದ ಹೊಲಿಗೆ. ಪಾಶ್ಚಾತ್ಯರು ಅದನ್ನು 'ನಿಷಿದ್ಧ ಹೊಲಿಗೆ' ಎಂದು ಕರೆದರು. ಹೊಲಿದ ಹೆಂಗಸರು ಕುರುಡಾದರೆಂದು ಚಕ್ರವರ್ತಿ ನಿಷೇಧಿಸಿದನಂತೆ. ಇದು ಬರಿಯ ದಂತಕಥೆ, ಅಂಥ ಅಪ್ಪಣೆಗೆ ಆಧಾರವಿಲ್ಲ. ಹೆಂಗಸರ ಕಣ್ಣಿಗಾಗಿ ಒಬ್ಬ ದೊರೆ ಅಷ್ಟು ಮರುಗಿದ್ದನೆಂದರೆ ನನಗಂತೂ ನಂಬಿಕೆ ಬಾರದು.

ನಮ್ಮ ದೇಶದಲ್ಲಿ ಗಂಟಿನ ಸೊಗಸು ನೋಡಬೇಕಾದರೆ ಲಖನೌದ ಚಿಕನ್ ಕೆಲಸವನ್ನೇ ನೋಡಬೇಕು. ತೆಳು ಮಲ್ಲಿನ ಮೇಲೆ ಬಿಳಿ ದಾರದ ಫಂದಾ ಸಜ್ಜೆ ಕಾಳಿನಂತೆ ಗುಂಡಗೆ. ಮುರ್ರಿ ಅಕ್ಕಿ ಕಾಳಿನಂತೆ ನೀಳ. ಇಷ್ಟು ಸಣ್ಣ ಕಾಳನ್ನು ಬಿಡಿಸುವವರು ಹೆಚ್ಚಾಗಿ ಮನೆಯಲ್ಲೇ ಕೂತ ಹೆಂಗಸರು. ಕೂಲಿ ಬಟ್ಟೆಯ ಲೆಕ್ಕದಲ್ಲಿ, ಅದೂ ಮಧ್ಯವರ್ತಿಗಳ ಕೈದಾಟಿ ಬರಬೇಕು. ಇವರನ್ನು ಒಗ್ಗೂಡಿಸಲೆಂದೇ 1984ರಲ್ಲಿ ಲಖನೌದಲ್ಲಿ 'ಸೇವಾ' ಸಂಸ್ಥೆ ಹುಟ್ಟಿತು. 2008ರಲ್ಲಿ ಚಿಕನ್‌ಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಹೆಸರಿಗೆ ಕಾವಲು ಬಂತು, ಸರಿ. ಕೂಲಿಯ ಮಾತು ಬೇರೆ.

ಮೊನ್ನೆ ನಮ್ಮೂರ ಒಂದು ಅಂಗಡಿಯಲ್ಲಿ ಕೈಕೆಲಸದ ಬ್ಲೌಸ್ ನೋಡಿದೆ. ತೋಳ ತುಂಬ ಫ್ರೆಂಚ್ ನಾಟ್. ಮೇಷ್ಟರ ಚಾಳಿ, ಎಣಿಸಿಯೇಬಿಟ್ಟೆ: ಒಂದೇ ತೋಳಿನಲ್ಲಿ ಇನ್ನೂರು ದಾಟಿತ್ತು. "ಹಾಕಿದಾಕಿಗೆ ಎಷ್ಟು ಕೊಟ್ರಿ?" ಎಂದೆ. ಅಂಗಡಿಯಾಕೆ ನಕ್ಕು, ಬಣ್ಣ ಬೇರೆಯೂ ಇವೆಯೆಂದು ಇನ್ನೊಂದು ಬ್ಲೌಸ್ ಬಿಚ್ಚಿದಳು.