ಮದುವೆಯಾಗಿಲ್ಲ ಎಂಬುದಕ್ಕೊಂದು ಕಾಗದ

2008ರ ಬೇಸಿಗೆಯ ಒಂದು ಮಧ್ಯಾಹ್ನ ಅಣ್ಣ ಮಸ್ಕಿಯಿಂದ ಬಸ್ಸು ಹಿಡಿದು ಲಿಂಗಸುಗೂರಿನ ನನ್ನ ಮನೆಗೆ ಬಂದ. ನೀರು ಕುಡಿಯುವ ಮೊದಲೇ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು, "ನೋಡೋ ತಮ್ಮಾ, ಇಷ್ಟು ವರ್ಷ ಇತಿಹಾಸ ಕಲಿಸಿದಾಂವ ನೀ. ಇದರಾಗ ಏನೈತಿ ಓದಿ ಹೇಳು" ಎಂದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವನ ಮಗಳು ಜರ್ಮನಿಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಜಾತಿ, ಭಾಷೆ, ಊಟ ಎಲ್ಲದರ ಜಗಳವೂ ಮನೆಯಲ್ಲಿ ಆಗಿ ಮುಗಿದಿತ್ತು. ಎಂಬತ್ತು ದಾಟಿದ ನಮ್ಮವ್ವ "ಆಗೂದು ನನ್ನ ಕಣ್ಣ ಮುಂದ ಆಗ್ಲಿ" ಎಂದ ಮೇಲೆ ಯಾರೂ ಬಾಯಿ ತೆರೆಯಲಿಲ್ಲ. ಉಳಿದದ್ದು ಬರೀ ಕಾಗದ ಎಂದುಕೊಂಡೆವು.

ನಮ್ಮ ದೇಶದ ಕಾಯಿದೆ ಈ ವಿಷಯದಲ್ಲಿ ಬಹಳ ಉದಾರಿ. 1954ರ ವಿಶೇಷ ವಿವಾಹ ಕಾಯಿದೆ ವಧೂವರರ ಧರ್ಮವನ್ನೂ ಕೇಳುವುದಿಲ್ಲ, ದೇಶವನ್ನೂ ಕೇಳುವುದಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಜೀವಂತ ಗಂಡನೋ ಹೆಂಡತಿಯೋ ಇರಬಾರದು. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಆಮೇಲೆ ನೋಟೀಸು ಕೊಟ್ಟರೆ ಅದನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. 30 ದಿನ ಯಾರೂ ತಕರಾರು ತೆಗೆಯದಿದ್ದರೆ ಮೂವರು ಸಾಕ್ಷಿಗಳ ಮುಂದೆ ಮದುವೆ.

ಹಿಂದೆ ಹೀಗಿರಲಿಲ್ಲ. ಲಿಂಗಸುಗೂರಿಗೆ ಪರದೇಶದವರು ಹೊಸಬರೇನಲ್ಲ. ಇದು ಹೈದರಾಬಾದ್ ಕಾಂಟಿಂಜೆಂಟ್ ಎಂಬ ದಂಡಿನ ಛಾವಣಿ. ರಾಯಚೂರು ದೋಆಬು 1853ರಲ್ಲಿ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿದರೂ ದಂಡು ಉಳಿಯಿತು. 1872ರ ಕ್ರೈಸ್ತ ವಿವಾಹ ಕಾಯಿದೆ ದೇಶೀ ಸಂಸ್ಥಾನಗಳೊಳಗೂ ನಡೆಯುತ್ತಿತ್ತು, ಆದರೆ ರಾಣಿಯ ಕ್ರೈಸ್ತ ಪ್ರಜೆಗಳಿಗಷ್ಟೇ. ಅಂದರೆ ಒಂದೇ ಓಣಿಯಲ್ಲಿ ಛಾವಣಿಯ ಅಧಿಕಾರಿಗೆ ಒಂದು ಕಾಯಿದೆ, ಅವನ ಕುದುರೆ ತೊಳೆಯುವವನಿಗೆ ಇನ್ನೊಂದು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಬಂದ ವಿಶೇಷ ವಿವಾಹ ಕಾಯಿದೆಯಲ್ಲಿ ಮದುವೆಯಾಗಬೇಕಾದರೆ ಇಬ್ಬರೂ ತಾವು ಹಿಂದೂ ಅಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ ಎಂದು ಪಟ್ಟಿ ಓದಿ ಸಹಿ ಹಾಕಬೇಕಿತ್ತು. ಮದುವೆಯ ಮೊದಲ ಮಾತೇ 'ಅಲ್ಲ' ಎಂಬುದು!

ಅಣ್ಣ ತಂದ ಹಾಳೆಯಲ್ಲೂ ಅಂಥದೇ ಒಂದು 'ಅಲ್ಲ' ಇತ್ತು. ಜರ್ಮನಿಯವರು ಹೊರದೇಶದಲ್ಲಿ ಮದುವೆಯಾಗುವಾಗ ತಮ್ಮೂರಿನ ನೋಂದಣಿ ಕಚೇರಿಯಿಂದ ಒಂದು ಪತ್ರ ತರುತ್ತಾರೆ. ಇವನಿಗೆ ಈಗಾಗಲೇ ಮದುವೆಯಾಗಿಲ್ಲ, ಇಂಥವಳನ್ನು ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪತ್ರ. ಅದರ ಜರ್ಮನ್ ಹೆಸರನ್ನು ಉಚ್ಚರಿಸಲು ನಾನು ಮೂರು ಸಲ ಹೋಗಿ ಕೈಬಿಟ್ಟೆ. ಅದರ ಆಯುಷ್ಯ ಆರು ತಿಂಗಳು. ಆಮೇಲೆ ಹುಡುಗನ ಬ್ರಹ್ಮಚರ್ಯ ಹಳಸುತ್ತದೆಂದು ಲೆಕ್ಕ. ಅಲ್ಲಿಗೇ ಹೋಗಿ ಮದುವೆಯಾಗೋಣವೆಂದರೆ ಅದು ಇನ್ನೂ ಕಷ್ಟ. ಭಾರತ ಸರಕಾರ ಇಂಥ ಪತ್ರ ಕೊಡುವುದಿಲ್ಲವಾದ್ದರಿಂದ ನಮ್ಮ ಹುಡುಗಿ ಅಲ್ಲಿಯ ಮೇಲಿನ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ಪಡೆಯಬೇಕು. ಈ ರಗಳೆ ತಾಳದೆ ಪಕ್ಕದ ಡೆನ್ಮಾರ್ಕಿಗೆ ಹೋಗಿ ಮದುವೆಯಾಗಿ ಬರುವ ಜೋಡಿಗಳು ಬಹಳವಂತೆ.

ಹುಡುಗನ ಕಾಗದಗಳೆಲ್ಲ ಅವನೂರಿನಲ್ಲಿ ಸಿದ್ಧವಿದ್ದವು. ಸಿಕ್ಕಿಬಿದ್ದವಳು ನಮ್ಮವಳೇ. ಅವನ ಪತ್ರ ಬರೆಯಲು ಅಲ್ಲಿಯವರಿಗೆ ಹುಡುಗಿಯ ಜನನ ಪ್ರಮಾಣಪತ್ರ ಬೇಕಿತ್ತು. ಅವಳು 1979ರಲ್ಲಿ ಮನೆಯಲ್ಲೇ ಹುಟ್ಟಿದವಳು. ಜನನ ಮರಣ ನೋಂದಣಿ ಕಾಯಿದೆ 1969ರಲ್ಲೇ ಬಂದಿತ್ತು, ಬರೆಸಲು ಯಾರೂ ಹೋಗಿರಲಿಲ್ಲ. ಶಾಲೆಗೆ ಹಾಕುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡರು. ನಮ್ಮ ಕಡೆ ಒಂದು ತರಗತಿಯ ಹಾಜರಿ ತೆಗೆದರೆ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ನಾನೇ ಎಷ್ಟೋ ಮಕ್ಕಳನ್ನು ಹಾಗೆ ಹುಟ್ಟಿಸಿದ್ದೇನೆ. ಪಾಸ್‌ಪೋರ್ಟಿನಲ್ಲೂ ಅದೇ ತಾರೀಖು ಕುಳಿತಿತ್ತು.

ವರ್ಷ ದಾಟಿದ ಜನನವನ್ನು ಬರೆಸಲು ಆಗ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, ಆದೇಶಕ್ಕೆ ಸಾಕ್ಷಿ. ಸೂಲಗಿತ್ತಿ ಬದುಕಿದ್ದಳು. ಅಣ್ಣ ಅವಳಿಗೆ ಜೂನ್ ಒಂದು ಎಂದು ಹೇಳಿಕೊಟ್ಟ. ಮುದುಕಿ ಒಪ್ಪಲಿಲ್ಲ. "ಎಳ್ಳಮಾಸಿ ಇನ್ನ ನಾಕ ದಿನ ಇತ್ತು. ಚಳಿಗೆ ಕೂಸಿಗೆ ಕಂಬಳಿ ಸುತ್ತಿ ಕೊಟ್ಟಾಕಿ ನಾ. ಬ್ಯಾಸಿಗ್ಯಾಗ ಹುಟ್ತು ಅಂತ ಹೆಬ್ಬಟ್ಟು ಹೆಂಗ ಒತ್ಲಿ?" ಆಗ ನನಗೂ ಸಿಟ್ಟು ಬಂತು. ಈಗ ಆ ಸಿಟ್ಟಿಗೆ ನಾಚಿಕೆಯಾಗುತ್ತದೆ. ಅವಳು ಹೇಳಿದ ತಾರೀಖಿಗೇ ಆದೇಶವಾಯಿತು. ಅದಕ್ಕೆ ತಕ್ಕಂತೆ ಪಾಸ್‌ಪೋರ್ಟು ತಿದ್ದಿಸುವುದರಲ್ಲಿ ಬನ್ನಿ ಹಬ್ಬ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಎರಡೂ ಹೆಸರಿನವಳು ಒಬ್ಬಳೇ ಎಂದು ಮತ್ತೊಂದು ಅಫಿಡವಿಟ್ಟು. ಮಸ್ಕಿಯವರಿಗೆ ಇದು ಹಳೆಯ ಕಥೆ. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಎಂದಷ್ಟೇ ಕೊರೆಸಿದ ಅರಸ ಅಶೋಕನೇ ಎಂದು ಗಟ್ಟಿಯಾದದ್ದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ನಮ್ಮ ಗುಡ್ಡದಲ್ಲಿ ಕಂಡ ಶಾಸನದಿಂದ. ಅದರಲ್ಲಿ ಎರಡೂ ಹೆಸರು ಒಟ್ಟಿಗಿದ್ದವು. ಅಶೋಕನ ಅಫಿಡವಿಟ್ಟು ಎರಡು ಸಾವಿರ ವರ್ಷ ಕಾಯಿತು. ನಮ್ಮವ್ವನಿಗೆ ಅಷ್ಟು ವ್ಯವಧಾನವಿರಲಿಲ್ಲ. ಕಾರ್ತಿಕದಲ್ಲಿ ತೀರಿಕೊಂಡಳು. ಹುಡುಗನ ಪತ್ರ ಬಂದದ್ದು ಜನವರಿಯಲ್ಲಿ.

ಈ ಓಡಾಟದ ದಿನಗಳಲ್ಲಿ ನನ್ನ ಜತೆಗಿದ್ದವನು ಸಿಂಧನೂರಿನ ಗೆಳೆಯ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ಆಸುಪಾಸಿನಲ್ಲಿ ಸಿಂಧನೂರಿನ ಬಳಿ ಕ್ಯಾಂಪುಗಳನ್ನು ಮಾಡಿಕೊಟ್ಟರಲ್ಲ, ಅಲ್ಲಿಗೆ ಎಂಟು ವರ್ಷದವನಾಗಿ ಬಂದವನು. ಕನ್ನಡ ನಮಗಿಂತ ಚೆನ್ನಾಗಿ ಬೈಯುತ್ತಾನೆ. ಪತ್ರ ನೋಡಿ ಅವನು ಕೇಳಿದ: "ಮಾಸ್ತರ, ನಿಮ್ಮ ಅಳಿಯಗ ಅವನ ಊರಿನವರು ಬರದು ಕೊಟ್ರು. ನನ್ನ ಬಗ್ಗೆ ಬರದು ಕೊಡು ಅಂತ ನಾ ಯಾವ ಊರಿಗೆ ಕೇಳ್ಲಿ?"

ಅದು ಬರೀ ಮಾತಲ್ಲ. ಅವನ ಮಕ್ಕಳ ಮದುವೆಗಳು ಕ್ಯಾಂಪಿನಲ್ಲೇ ಶಂಖ ಊದಿ ಆದವು. ಯಾರೂ ಕಾಗದ ಕೇಳಲಿಲ್ಲ. ಆದರೆ ಕಾಗದ ಕೇಳುವ ಹೊತ್ತು ಮದುವೆಯ ನಂತರ ಬರುತ್ತದೆ. 2004ರ ಡಿಸೆಂಬರ್ 3ರಿಂದ ಈಚೆಗೆ ಇಲ್ಲಿ ಹುಟ್ಟಿದ ಕೂಸು ಭಾರತದ ಪ್ರಜೆಯಾಗಬೇಕಾದರೆ ತಂದೆತಾಯಿ ಇಬ್ಬರೂ ಪ್ರಜೆಗಳಿರಬೇಕು. ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿರಬೇಕು. ನಮ್ಮ ಜರ್ಮನ್ ಅಳಿಯನಿಗೆ ದಾರಿಯಿದೆ: ಇಲ್ಲಿ ಏಳು ವರ್ಷ ನೆಲಸಿ, ಪ್ರಜೆಯ ಗಂಡನೆಂದು ಅರ್ಜಿ ಹಾಕಬಹುದು. 1986ರ ತಿದ್ದುಪಡಿಗೆ ಮೊದಲು ಆ ಸವಲತ್ತು ಪರದೇಶಿ ಹೆಂಡತಿಯರಿಗಷ್ಟೇ ಇತ್ತು.

2009ರ ಮಾರ್ಚಿನಲ್ಲಿ ಮದುವೆಯಾಯಿತು. ನೋಟೀಸು ಅಂಟಿಸಿದ ಒಂದು ತಿಂಗಳು ಅಣ್ಣ ವಾರಕ್ಕೆರಡು ಸಲ ಬಂದು ಅದು ಗೋಡೆಯ ಮೇಲಿದೆಯೇ ಎಂದು ನೋಡಿ ಹೋಗುತ್ತಿದ್ದ. ಸಾಕ್ಷಿಗಳಾಗಿ ಹುಡುಗಿಯ ಸೋದರಮಾವ, ನಾನು, ಸಿಂಧನೂರಿನ ಗೆಳೆಯ. ಸಾಕ್ಷಿ ಪ್ರಜೆಯಾಗಿರಬೇಕೆಂದು ಕಾಯಿದೆ ಹೇಳುವುದಿಲ್ಲ. ಅವನು ಕನ್ನಡದಲ್ಲಿ ದುಂಡಗೆ ಸಹಿ ಮಾಡಿದ. ಸೂಲಗಿತ್ತಿಯೂ ಬಂದಿದ್ದಳು, ಅಳಿಯನ ಕೆನ್ನೆ ಮುಟ್ಟಿ ಲಟಿಕೆ ಮುರಿದಳು.

2019ರ ಪೌರತ್ವ ತಿದ್ದುಪಡಿ ಕಾಯಿದೆಗೆ ನಿಯಮಗಳು ಬಂದದ್ದು 2024ರ ಮಾರ್ಚಿನಲ್ಲಿ. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಗೆಳೆಯನೂ ಅರ್ಜಿ ಹಾಕುತ್ತೇನೆಂದು ಬಂದ. ಬಿಟ್ಟು ಬಂದ ದೇಶದವನೆಂದು ತೋರಿಸುವ ದಾಖಲೆ ಬೇಕಂತೆ. ಅವನ ಬಳಿ ಇದ್ದದ್ದು ಅಪ್ಪನಿಗೆ ಕೊಟ್ಟಿದ್ದ ನಿರಾಶ್ರಿತರ ಚೀಟಿ, ಮಡಿಕೆ ಮಡಿಕೆಯಲ್ಲಿ ಹರಿದದ್ದು. ಅದರಲ್ಲಿ ಇವನ ಹೆಸರಿನ ಮುಂದೆ ವಯಸ್ಸು ಎಂಟು ಎಂದಿದೆ, ತಾರೀಖಿಲ್ಲ. ಒಂದು ಝೆರಾಕ್ಸು ನಿಮ್ಮ ಹತ್ರಾನೂ ಇರ್ಲಿ ಎಂದು ಕೊಟ್ಟು ಹೋದ. ಕಪಾಟಿನಲ್ಲಿ ಹುಡುಗಿಯ ಕಾಗದಗಳ ಜತೆಗೇ ಇಟ್ಟಿದ್ದೇನೆ.