ಗೊಂಬೆ ಟೋಕಿಯೊದ್ದು, ಹೆಸರು ನ್ಯೂಯಾರ್ಕಿನದು

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ 1999ರಲ್ಲಿ ಟೊಯೋಟಾ ಕಾರ್ಖಾನೆ ಆರಂಭವಾದಾಗ, ನಮ್ಮವರ ಕೈಯಿಂದ ತಯಾರಾದ ವಾಹನಗಳು ಜಪಾನೀ ಹೆಸರು ಹೊತ್ತು ರಸ್ತೆಗಿಳಿದವು. ಅಲ್ಲಿ ದುಡಿಯುತ್ತಿರುವ ನನ್ನ ಶಿಷ್ಯರಿಗೆ, ಜಪಾನೀಯರೇ ಅನ್ಯರ ಹೆಸರಿನಲ್ಲಿ ದುಡಿದ ಕಥೆಯೊಂದನ್ನು ಹೇಳಬೇಕೆನಿಸಿದೆ.

ಕ್ರಿಸ್‌ಮಸ್ ಬಂತೆಂದರೆ ಅಮೆರಿಕದ ಮನೆಗಳ ಟಿ.ವಿ.ಯಲ್ಲಿ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಕಾಣಿಸಿಕೊಳ್ಳಲೇಬೇಕು. 1964ರ ಡಿಸೆಂಬರ್ 6ರಂದು ಮೊದಲು ಪ್ರಸಾರವಾದ ಈ ಗೊಂಬೆಚಿತ್ರದ ನಿರ್ಮಾಪಕರು ನ್ಯೂಯಾರ್ಕಿನ ಆರ್ಥರ್ ರ‍್ಯಾಂಕಿನ್ ಮತ್ತು ಜೂಲ್ಸ್ ಬ್ಯಾಸ್. (ಚಿತ್ರದ ಆರಂಭದಲ್ಲಿ ರೋಮನ್ ಅಂಕಿಯಲ್ಲಿ ಬರೆದ ಇಸವಿಯಲ್ಲಿ ಒಂದು 'ಎಂ' ಬಿಟ್ಟುಹೋಗಿ 1164 ಎಂದಾಗಿದೆ! ನನ್ನ ತರಗತಿಯಲ್ಲಾಗಿದ್ದರೆ ಅರ್ಧ ಅಂಕ ಹೋಗುತ್ತಿತ್ತು.) ಧ್ವನಿಮುದ್ರಣವಾದದ್ದು ಕೆನಡಾದ ಟೊರಾಂಟೊದಲ್ಲಿ. ಗೊಂಬೆಗಳಿಗೆ ಜೀವ ಬಂದದ್ದು ಮಾತ್ರ ಟೋಕಿಯೊದ ತಾದಾಹಿತೊ ಮೋಚಿನಾಗ ಅವರ ಸ್ಟುಡಿಯೊದಲ್ಲಿ.

ಆ ಕೆಲಸದ ಬಗೆಯನ್ನು ಕೇಳಿ. ಗೊಂಬೆಯ ಕಾಲನ್ನು ಎಳ್ಳಷ್ಟು ಸರಿಸಿ ಚಿತ್ರ ತೆಗೆಯಬೇಕು. ಮತ್ತೆ ಎಳ್ಳಷ್ಟು ಸರಿಸಿ ಮತ್ತೊಂದು. ಸೆಕೆಂಡಿಗೆ 24 ಚಿತ್ರಗಳು. ಒಂದೊಂದು ಭಂಗಿಯನ್ನು ಎರಡೆರಡು ಬಾರಿ ತೆಗೆದರೂ ಒಂದು ನಿಮಿಷದ ಓಟಕ್ಕೆ 720 ಭಂಗಿಗಳು ಬೇಕು. ನಡುವೆ ಯಾರ ಮೊಣಕೈಯಾದರೂ ತಗುಲಿತೋ, ಆ ದೃಶ್ಯದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೋಚಿನಾಗ ಸಾಮಾನ್ಯರಲ್ಲ. 1919ರಲ್ಲಿ ಜನಿಸಿ, ಯುದ್ಧಕಾಲದ ಜಪಾನಿನಲ್ಲಿ ವ್ಯಂಗ್ಯಚಿತ್ರಗಳಿಗೆ ದುಡಿದು, 1945ರಲ್ಲಿ ಮಂಚೂರಿಯಾಕ್ಕೆ ಹೋದವರು. ಜಪಾನ್ ಸೋತ ಮೇಲೂ ಅಲ್ಲಿಯೇ ಉಳಿದು, ಫಾಂಗ್ ಮಿಂಗ್ ಎಂಬ ಚೀನೀ ಹೆಸರಿನಲ್ಲಿ ಚೀನೀಯರಿಗಾಗಿ ಗೊಂಬೆಚಿತ್ರ ಮಾಡಿದರು; 1953ರಲ್ಲಿ ತಾಯ್ನಾಡಿಗೆ ಮರಳಿದರು. ಶತ್ರುದೇಶದವನನ್ನು ಅವನ ವಿದ್ಯೆಗಾಗಿ ಉಳಿಸಿಕೊಂಡ ಆ ಜನರ ವಿವೇಕವೂ ಮೆಚ್ಚತಕ್ಕದ್ದೇ.

ರ‍್ಯಾಂಕಿನ್ ಮತ್ತು ಬ್ಯಾಸ್ ಮುಂದೆಯೂ ಹಬ್ಬದ ಚಿತ್ರಗಳನ್ನು ತಯಾರಿಸುತ್ತ ಹೋದರು. 1987ರಲ್ಲಿ ಸಂಸ್ಥೆ ಮುಚ್ಚಿತು. ಪ್ರೇಕ್ಷಕರ ನಾಲಿಗೆಯ ಮೇಲೆ ಉಳಿದದ್ದು ಅವರಿಬ್ಬರ ಹೆಸರೇ. ನಮ್ಮ ನೆರೆಯ ಚನ್ನಪಟ್ಟಣದ ಬೊಂಬೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿಂದ ಊರಿನ ಹೆಸರೇನೋ ಭದ್ರವಾಯಿತು. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದವರ ಹೆಸರನ್ನು ಕೊಳ್ಳುವವರು ಕೇಳುತ್ತಾರೆಯೇ?

ರುಡಾಲ್ಫ್ ಮತ್ತು ಸಾಂಟಾ ಗೊಂಬೆಗಳನ್ನು ಮರ, ತಂತಿ, ಬಟ್ಟೆ, ಚರ್ಮಗಳಿಂದ ಮಾಡಿದವರು ಇಚಿರೊ ಕೊಮುರೊ. ಸಾಂಟಾನ ಗಡ್ಡಕ್ಕೆ ಯಾಕ್ ಕೂದಲು. ಚಿತ್ರ ಮುಗಿದ ಮೇಲೆ ಕಚೇರಿಯ ಕಾರ್ಯದರ್ಶಿಯೊಬ್ಬರು ಅವನ್ನು ಮನೆಗೆ ಒಯ್ದು ಕ್ರಿಸ್‌ಮಸ್ ಮರದಡಿ ಇಡುತ್ತಿದ್ದರಂತೆ. 2020ರ ಹರಾಜಿನಲ್ಲಿ ಆ ಜೋಡಿ 3,68,000 ಡಾಲರಿಗೆ ಮಾರಾಟವಾಯಿತು. ಮೋಚಿನಾಗ 1999ರಲ್ಲಿಯೇ ತೀರಿಕೊಂಡಿದ್ದರು.