ಡಾರ್ಲೀನ್ ಲವ್

ಡಾರ್ಲೀನ್ ಲವ್ (ಜನನ 1941): ಅಮೆರಿಕದ ಗಾಯಕಿ, ಬ್ಲಾಸಮ್ಸ್ ಎಂಬ ಮಹಿಳಾ ಗಾಯನವೃಂದದ ಪ್ರಧಾನ ಸ್ವರ, 1960ರ ದಶಕದ ಕೆಲವು ಸುಪ್ರಸಿದ್ಧ ಧ್ವನಿಮುದ್ರಿಕೆಗಳಿಗೆ ಕಂಠವನ್ನಿತ್ತೂ ಅವುಗಳ ಮೇಲೆ ತನ್ನ ಹೆಸರನ್ನು ಕಾಣದೆ ಹೋದವಳು. ಹುಟ್ಟುಹೆಸರು ಡಾರ್ಲೀನ್ ರೈಟ್. ಲಾಸ್ ಏಂಜಲೀಸ್ ನಗರದಲ್ಲಿ ಪೆಂಟಕೋಸ್ಟಲ್ ಪಂಥದ ಧರ್ಮೋಪದೇಶಕನೊಬ್ಬನ ಮಗಳಾಗಿ ಜನಿಸಿದ ಈಕೆಗೆ ಚರ್ಚಿನ ಗಾಯನಮೇಳವೇ ಮೊದಲ ಸಂಗೀತಶಾಲೆಯಾಯಿತು. ಎದೆಯಾಳದಿಂದ ಹೊಮ್ಮುವ, ಎತ್ತರದ ಸ್ಥಾಯಿಯಲ್ಲಿಯೂ ತೆಳುವಾಗದ ಆಕೆಯ ನಾದಕ್ಕೆ ಆ ಭಕ್ತಿಗಾಯನ ಸಂಪ್ರದಾಯವೇ ಮೂಲ.

ಆ ಕಾಲದ ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಸಹಗಾಯನಕ್ಕೆ ಬಹುಮಟ್ಟಿಗೆ ಬಿಳಿಯ ಗಾಯಕರನ್ನೇ ಕರೆಯುವ ರೂಢಿಯಿದ್ದಿತು. ವಿದ್ಯಾರ್ಥಿದೆಸೆಯಲ್ಲಿಯೇ ಡಾರ್ಲೀನ್ ಸೇರಿಕೊಂಡ ಬ್ಲಾಸಮ್ಸ್, ಆಫ್ರಿಕನ್ ಅಮೆರಿಕನ್ ತರುಣಿಯರ ವೃಂದವಾಗಿದ್ದೂ ಆ ರೂಢಿಯನ್ನು ಮುರಿದು, ಯಾವ ಶೈಲಿಯ ಗೀತಕ್ಕಾದರೂ ಒಗ್ಗುವ ಸ್ವರಮೇಳವೆಂದು ಕೀರ್ತಿ ಗಳಿಸಿತು.

1962ರಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಜೀನ್ ಪಿಟ್ನಿ ರಚಿಸಿದ ‘ಹಿ ಈಸ್ ಎ ರೆಬೆಲ್’ ಎಂಬ ಗೀತವನ್ನು ಕೈಗೆತ್ತಿಕೊಂಡನು. ಅದೇ ಗೀತವನ್ನು ವಿಕಿ ಕಾರ್ ಎಂಬ ಗಾಯಕಿಯಿಂದ ಹಾಡಿಸಿ ಹೊರತರಲು ಬೇರೊಂದು ಸಂಸ್ಥೆ ಸಿದ್ಧವಾಗುತ್ತಿದ್ದುದರಿಂದ, ತನಗಾಗಿ ಹಾಡುತ್ತಿದ್ದ ನ್ಯೂಯಾರ್ಕಿನ ಕ್ರಿಸ್ಟಲ್ಸ್ ವೃಂದವನ್ನು ಕಾಯುವಷ್ಟು ವ್ಯವಧಾನ ಅವನಿಗಿರಲಿಲ್ಲ. ಹಾಲಿವುಡ್ಡಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಡಾರ್ಲೀನ್ ಮತ್ತು ಬ್ಲಾಸಮ್ಸ್ ಅದನ್ನು ಹಾಡಿದರು. ಮುದ್ರಿಕೆಯ ಮೇಲೆ ಅಚ್ಚಾದುದು ಮಾತ್ರ ಕ್ರಿಸ್ಟಲ್ಸ್ ಹೆಸರು. ಆ ವರ್ಷದ ನವೆಂಬರಿನಲ್ಲಿ ಗೀತವು ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿದಾಗ ಹಾಡಿದವಳಿಗೆ ದಕ್ಕಿದ್ದು ಮೊದಲೇ ಗೊತ್ತಾದ ಸಂಭಾವನೆಯಷ್ಟೆ. ಅತ್ತ ಕ್ರಿಸ್ಟಲ್ಸ್ ತರುಣಿಯರು ತಾವು ಹಾಡದ ಹಾಡನ್ನು ಊರೂರಿನ ವೇದಿಕೆಗಳಲ್ಲಿ ತಮ್ಮದೆಂದು ಹಾಡಬೇಕಾಯಿತು. ಒಂದೇ ವ್ಯವಹಾರದಿಂದ ಎರಡು ವೃಂದಗಳಿಗೆ ಅನ್ಯಾಯವಾಯಿತೆಂಬುದನ್ನು ಇಲ್ಲಿ ಮರೆಯಲಾಗದು. ಮುಂದಿನ ‘ಹಿ ಈಸ್ ಶೂರ್ ದ ಬಾಯ್ ಐ ಲವ್’ ಗೀತವನ್ನು ತನ್ನ ಹೆಸರಿನಲ್ಲಿಯೇ ಹೊರತರುವ ಭರವಸೆಯನ್ನು ಡಾರ್ಲೀನ್ ಪಡೆದಿದ್ದಳು. ಅದೂ ಕ್ರಿಸ್ಟಲ್ಸ್ ಹೆಸರಿನಲ್ಲಿಯೇ ಬಂದಿತು.

ಲವ್ ಎಂಬ ಉಪನಾಮವನ್ನಿತ್ತವನೂ ಸ್ಪೆಕ್ಟರನೇ. ಅನೇಕ ಗಿಟಾರು, ಪಿಯಾನೋ, ತಾಳವಾದ್ಯಗಳನ್ನು ಒಂದೇ ಕೋಣೆಯಲ್ಲಿ ಏಕಕಾಲಕ್ಕೆ ನುಡಿಸಿ, ಆ ಮೊತ್ತವನ್ನು ಪ್ರತಿಧ್ವನಿಯ ಕೊಠಡಿಗೆ ಹಾಯಿಸಿ ನಾದವನ್ನು ದಟ್ಟವಾಗಿಸುವುದು ಅವನ ವಿಧಾನ. ಅದರಲ್ಲಿ ಸಾಮಾನ್ಯ ಕಂಠಗಳು ಮುಳುಗಿಹೋಗುತ್ತಿದ್ದವು. 1963ರಲ್ಲಿ ಕೊನೆಗೂ ಸ್ವನಾಮದಲ್ಲಿ ಪ್ರಕಟವಾದ ‘ವೇಟ್ ಟಿಲ್ ಮೈ ಬಾಬಿ ಗೆಟ್ಸ್ ಹೋಮ್’ ಮೊದಲಾದವನ್ನು ಕೇಳಿದರೆ, ಆ ವಾದ್ಯಸಮೂಹವನ್ನು ಈಕೆ ಎದುರಿಸಿ ಗೆಲ್ಲುವ ಬಗೆ ಸ್ಪಷ್ಟವಾಗುತ್ತದೆ. ಈಕೆಯ ಅತ್ಯುತ್ತಮ ಗಾಯನವೆನ್ನಬಹುದಾದ ‘ಕ್ರಿಸ್ಮಸ್ (ಬೇಬಿ ಪ್ಲೀಸ್ ಕಮ್ ಹೋಮ್)’ ಅಡಕವಾಗಿದ್ದ ಗೀತಸಂಕಲನವು ಅಧ್ಯಕ್ಷ ಕೆನಡಿಯವರ ಹತ್ಯೆಯಾದ ದಿನ, 1963ರ ನವೆಂಬರ್ 22ರಂದೇ ಬಿಡುಗಡೆಯಾಗಿ, ಶೋಕಗ್ರಸ್ತ ದೇಶದಲ್ಲಿ ಕೇಳುವವರಿಲ್ಲದಂತಾಯಿತು.

ಬ್ಲಾಸಮ್ಸ್ ವೃಂದವು ‘ಶಿಂಡಿಗ್’ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿಯೂ ಎಲ್ವಿಸ್ ಪ್ರೆಸ್ಲಿಯ 1968ರ ವಿಶೇಷ ಕಾರ್ಯಕ್ರಮದಲ್ಲಿಯೂ ಹಾಡಿತು. ಬಳಿಕ ಡಾರ್ಲೀನ್ ಡಿಯೋನ್ ವಾರ್ವಿಕಳ ಸಹಗಾಯಕಿಯಾಗಿದ್ದಳು. 1980ರ ಸುಮಾರಿಗೆ ಅವಕಾಶಗಳು ಬತ್ತಿ, ಜೀವನೋಪಾಯಕ್ಕಾಗಿ ಸಿರಿವಂತರ ಮನೆಗಳನ್ನು ಶುಚಿಗೊಳಿಸುವ ಕೆಲಸಕ್ಕೆ ಇಳಿಯಬೇಕಾಯಿತು; ಹೀಗೆ ಕೆಲಸದಲ್ಲಿದ್ದಾಗಲೊಮ್ಮೆ ರೇಡಿಯೋದಲ್ಲಿ ತನ್ನ ಕ್ರಿಸ್ಮಸ್ ಗೀತವನ್ನೇ ಕೇಳಿ ಮತ್ತೆ ಹಾಡಲು ನಿಶ್ಚಯಿಸಿದುದನ್ನು ಈಕೆ ಸ್ವತಃ ಹೇಳಿಕೊಂಡಿದ್ದಾಳೆ. ‘ಲೀಡರ್ ಆಫ್ ದ ಪ್ಯಾಕ್’ ಎಂಬ ಸಂಗೀತನಾಟಕದ ಮೂಲಕ 1985ರಲ್ಲಿ ಬ್ರಾಡ್ವೇ ರಂಗಭೂಮಿಗೆ ಬಂದಳು. ‘ಲೀಥಲ್ ವೆಪನ್’ (1987) ಚಲನಚಿತ್ರದಲ್ಲಿ ನಟಿಸಿದಳು. 1963ರಲ್ಲಿ ಸೋತ ಅದೇ ಕ್ರಿಸ್ಮಸ್ ಗೀತವನ್ನು 1986ರಿಂದ 2014ರವರೆಗೆ ಡೇವಿಡ್ ಲೆಟರ್ಮನ್ನನ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡುವುದು ಡಿಸೆಂಬರಿನ ಸಂಪ್ರದಾಯವೇ ಆಯಿತು.

ಸ್ಪೆಕ್ಟರನಿಂದ ಬರಬೇಕಾಗಿದ್ದ ಗೌರವಧನಕ್ಕಾಗಿ ಹೂಡಿದ ದಾವೆಯಲ್ಲಿ 1997ರಲ್ಲಿ ಸುಮಾರು 2,63,000 ಡಾಲರುಗಳು ಈಕೆಯ ಪರವಾಗಿ ತೀರ್ಪಾದವು. 2011ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯ ಗೌರವ ಲಭಿಸಿತು. ಸಹಗಾಯಕಿಯರನ್ನು ಕುರಿತ ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್ಡಮ್’ (2013) ಸಾಕ್ಷ್ಯಚಿತ್ರದಲ್ಲಿ ಈಕೆಯದು ಪ್ರಮುಖ ಪಾತ್ರ. ಅದಕ್ಕೆ ಆಸ್ಕರ್ ದೊರೆತಿದೆ. 2015ರಲ್ಲಿ ಸ್ಟೀವನ್ ವ್ಯಾನ್ ಜಾಂಟ್ ನಿರ್ಮಿಸಿದ ಗೀತಸಂಕಲನಕ್ಕೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಎಲ್ವಿಸ್ ಕಾಸ್ಟೆಲೋ ಮುಂತಾದವರು ಗೀತಗಳನ್ನು ರಚಿಸಿಕೊಟ್ಟರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹಾಡಿದ ಆ ಗೀತಗಳಲ್ಲಿ ಕಂಠದ ಮಂದ್ರಸ್ಥಾಯಿ ಇನ್ನಷ್ಟು ಗಂಭೀರವಾಗಿದೆ.